ನೆರಳು ಊಟಕ್ಕೆ ಕೂರುವ ಹೊತ್ತು

ಮಧ್ಯಾಹ್ನ ಊಟಕ್ಕೆ ಕೂರುವ ಮೊದಲು ಬಾಲ್ಕನಿಗೆ ಹೋಗಿ ನನ್ನ ನೆರಳು ಎಲ್ಲಿದೆ ಎಂದು ನೋಡಿ ಬರುವ ಚಟ ನನಗುಂಟು. ನಗಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಅಂಗೈ ನೋಡಿಕೊಳ್ಳುವವರನ್ನು ಕಂಡು ನೀವು ನಗುವುದಿಲ್ಲವಲ್ಲ. ಪುಣೆಯ ಧನಕವಡಿಯಲ್ಲಿರುವ ನಮ್ಮ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಚಳಿಗಾಲದಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ, ತೊಂದರೆಯಿಲ್ಲ. ಬೇಸಿಗೆಯಲ್ಲಿ ಮೇಲಿನ ಮನೆಯವರ ಬಾಲ್ಕನಿ ಅಡ್ಡ ಬರುತ್ತದೆ. ಆಗ ಮೊಸರು ತರುವ ನೆಪ ಮಾಡಿಕೊಂಡು ಕೆಳಗಿಳಿಯುತ್ತೇನೆ. ಹೀಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ಮೊಸರು ಯಾವಾಗಲೂ ಹೆಚ್ಚು. ನಮ್ಮ ಮನೆಯವರು ತಾಟಿನ ಮುಂದೆ ಕೂತುಕೊಂಡೇ ಕೇಳುತ್ತಾರೆ: "ಹಾಜರಿ ತಗೊಂಡೇನು? ಬಂದದ ಇವತ್ತು?"

ಬಂದಿರುತ್ತದೆ. ಕಾಲ ಬುಡದಲ್ಲಿ ಮುದುರಿ ಕೂತಿರುತ್ತದೆ. ನಾನೂ ಹೋಗಿ ಕೂರುತ್ತೇನೆ.

ಈ ಚಟ ಹತ್ತಿಸಿದವಳು ನನ್ನ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ. ಚಿಕ್ಕಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದ, ಮನೆ ಪುಣೆಯ ಪೂರ್ವಕ್ಕಿರುವ ದೌಂಡದ ರೈಲ್ವೆ ಕ್ವಾರ್ಟರ್ಸಿನಲ್ಲಿತ್ತು. ನಾವು ಧಾರವಾಡದವರು. ನನಗೆ ಆರು ವರ್ಷವಾಗಿದ್ದಾಗ ಅವ್ವನಿಗೆ ಕಾಯಿಲೆ ಜೋರಾಗಿ ಪುಣೆಯ ದವಾಖಾನೆಗೆ ಸೇರಿಸಿದರು. ಅಪ್ಪ ಅವಳ ಜೊತೆ ಅಲ್ಲೇ ಉಳಿದ. ನನ್ನನ್ನು ದೌಂಡದಲ್ಲಿ ಕಾಕುವಿನ ಹತ್ತಿರ ಬಿಟ್ಟರು. "ಎಂಟು ದಿವಸ" ಎಂದು ಹೇಳಿ ಬಿಟ್ಟಿದ್ದರು, ಅದು ನಾಲ್ಕು ತಿಂಗಳಾಯಿತು.

ದೌಂಡ ನನಗೆ ಈಗಲೂ ವಾಸನೆಯ ರೂಪದಲ್ಲೇ ನೆನಪಿದೆ. ಕಲ್ಲಿದ್ದಲ ಹೊಗೆ, ಕಬ್ಬಿನ ಗಾಡಿಗಳ ಹಿಂದೆ ಉಳಿಯುವ ಸಿಹಿ ಹುಳಿ ವಾಸನೆ, ಕಾಕುವಿನ ಸೆರಗಿನ ಒಗ್ಗರಣೆ ವಾಸನೆ. ಕ್ವಾರ್ಟರ್ಸಿನ ಹಿಂದೆಯೇ ಹಳಿಗಳು. ಎಂಜಿನ್ನು ಒಂದು ಕಡೆಯಿಂದ ಬಿಚ್ಚಿಕೊಂಡು ಹೋಗಿ ಇನ್ನೊಂದು ಕಡೆ ಕೂಡಿಕೊಳ್ಳುವುದನ್ನು ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಉಳಿದದ್ದೆಲ್ಲ ಚೆನ್ನಾಗಿಯೇ ಇತ್ತು, ಊಟ ಒಂದೇ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಹಾಲು ಕುಡಿಯುತ್ತಿದ್ದೆ, ಸಂಜೆ ಏನಾದರೂ ಕುರುಕುತ್ತಿದ್ದೆ. ಮಧ್ಯಾಹ್ನ ತಾಟು ಕಂಡರೆ ಮಾತ್ರ ಎದ್ದು ಮೆಟ್ಟಿಲಿಗೆ ಹೋಗಿಬಿಡುತ್ತಿದ್ದೆ. ಮನೆಯಲ್ಲಿ ಆ ಹೊತ್ತಿಗೆ ಅವ್ವ ನನ್ನೆದುರು ಕೂತು ಊಟ ಮಾಡುತ್ತಿದ್ದಳು, ಅದಕ್ಕೇ ಇರಬೇಕು. ಕಾಕು ಬೈದು ನೋಡಿದಳು, ಬೆಲ್ಲ ಕೊಟ್ಟು ನೋಡಿದಳು, ದೇವರಿಗೆ ಹೇಳಿಕೊಂಡೂ ನೋಡಿದಳು. ಫ್ರಾಕು ಹೆಗಲಿನಿಂದ ಜಾರತೊಡಗಿತು.

ಒಂದು ದಿನ ಅವಳು ತಾಟು ಹಿಡಿದುಕೊಂಡು ಮೆಟ್ಟಿಲಿಗೇ ಬಂದು ನನ್ನ ಪಕ್ಕದಲ್ಲಿ ಕೂತಳು. ಉಣ್ಣು ಎನ್ನಲಿಲ್ಲ.

"ಸುಮಿ, ನಿನ್ನ ನೆರಳ ಎಲ್ಲಿ ಹೋತ?" ಎಂದಳು.

ನೋಡಿದೆ. ಬೆಳಿಗ್ಗೆ ಅಷ್ಟುದ್ದ ಇದ್ದ ನೆರಳು ಕಾಲ ಕೆಳಗೆ ಒಂದು ಗೇಣೂ ಇರಲಿಲ್ಲ.

"ಮೊದಲ ಯಾರಿಗೂ ನೆರಳ ಇರಲಿಲ್ಲ," ಕಾಕು ಶುರು ಮಾಡಿದಳು. "ಜಗತ್ತಿನ ಮೊದಲನೇ ಅವ್ವ ಇದ್ಲಲ್ಲ, ಆಕಿ ಒಬ್ಬಾಕಿಗೇ ಇತ್ತು. ಆಕಿ ದೂರ ನೀರು ತರಾಕ ಹೋಗಬೇಕಿತ್ತು. ಕೂಸನ್ನ ಬಿಸಿಲಾಗ ಒಂದನ್ನೇ ಬಿಟ್ಟು ಹೆಂಗ ಹೋಗೂದು? ಅದಕ್ಕ ತನ್ನ ನೆರಳ ಬಿಚ್ಚಿ ಕೂಸಿನ ಕಾಲಿಗೆ ಗಂಟ ಹಾಕಿದ್ಲು. 'ನಾ ಬರೂತನಕ ಇದು ನಿನ್ನ ಬಿಟ್ಟು ಹೋಗಂಗಿಲ್ಲ' ಅಂದ್ಲು. ಮುಂಜಾನೆ ನೋಡು, ಆಕಿ ಹೋದ ದಿಕ್ಕಿಗೆ ಅದು ಕೈ ಚಾಚತದ. ಸಂಜಿಕೆ ಆಕಿ ಬರೂ ದಿಕ್ಕಿಗೆ ಚಾಚತದ."

ಬೆಳಗಿನ ನೆರಳು ಪುಣೆಯ ಕಡೆಗೆ ಬೀಳುತ್ತಿತ್ತು, ಅದು ಸರಿ. ಸಂಜೆಯದು ಸೋಲಾಪುರದ ಕಡೆಗೆ ಬೀಳುತ್ತಿತ್ತು. ಅವ್ವ ಅತ್ತಲಿಂದ ಯಾಕೆ ಬರುತ್ತಾಳೆ ಎಂದು ಕೇಳಿದೆ.

"ದುಂಡಗ ಸುತ್ತಿ ಬರತಾಳ. ನೀರು ಅಷ್ಟು ದೂರ ಅದ."

"ಮತ್ತ ಮಧ್ಯಾಹ್ನ?"

"ಮಧ್ಯಾಹ್ನ ಆಕಿ ಎಲ್ಲೇ ಇರಲಿ, ಉಣ್ಣಾಕ ಕೂಡತಾಳ. ಆಕಿ ಕೂತ್ರ ನೆರಳೂ ಕೂಡತದ, ನೋಡು ಇಲ್ಲೆ, ನಿನ್ನ ಕಾಲ ಬುಡಕ. ಈಗ ನೀ ಉಂಡ್ರ ಇಬ್ಬರೂ ಕೂಡೇ ಉಂಡಂಗ."

ಈ ಕಥೆ ಯಾರು ಹೇಳಿದ್ದು ಎಂದು ನಾನು ಕೇಳಿದ್ದೂ ನೆನಪಿದೆ. "ನಮ್ಮಜ್ಜಿ," ಎಂದಳು ಕಾಕು. ನಾನು ತಾಟು ತೆಗೆದುಕೊಂಡೆ.

ಅವ್ವ ಗುಣವಾಗಿ ಬಂದಳು. ಆಮೇಲೆ ಮೂವತ್ತು ವರ್ಷ ಬದುಕಿದಳು, ಅದರಲ್ಲಿ ಅರ್ಧ ಕಾಲ ನನ್ನ ಅಡುಗೆಯಲ್ಲಿ ಕೊಂಕು ತೆಗೆಯುವುದರಲ್ಲಿ ಕಳೆದಳು. ಅದಿರಲಿ.

ನಾನು ದೊಡ್ಡವಳಾಗಿ ಕನ್ನಡ ಎಂ.ಎ. ಮಾಡಿ, ಸಂಶೋಧನೆಗೆ ಹುಟ್ಟಿನ ಕಥೆಗಳನ್ನು ತೆಗೆದುಕೊಂಡೆ. ಸಮುದ್ರ ಉಪ್ಪಾದದ್ದು ಹೇಗೆ, ಅಳಿಲಿಗೆ ಗೆರೆ ಬಂದದ್ದು ಹೇಗೆ, ಹಾವಿಗೆ ಕಾಲು ಹೋದದ್ದು ಹೇಗೆ, ಇಂಥವು. ಬ್ಯಾಟರಿ ನುಂಗುವ ಒಂದು ಟೇಪ್ ರೆಕಾರ್ಡರ್ ಹೊತ್ತುಕೊಂಡು ಹಳ್ಳಿ ಹಳ್ಳಿ ತಿರುಗಿದೆ. ನಾನೂರಕ್ಕೂ ಹೆಚ್ಚು ಕಥೆಗಳಾದವು. ಒಂದೊಂದಕ್ಕೂ ಒಂದು ಕಾರ್ಡು ಬರೆದು ಚಪ್ಪಲಿಯ ಡಬ್ಬಿಗಳಲ್ಲಿ ಜೋಡಿಸಿಟ್ಟೆ. ನನ್ನ ಪಾಂಡಿತ್ಯಕ್ಕೆ ಯಾವಾಗಲೂ ಸ್ವಲ್ಪ ಚರ್ಮದ ವಾಸನೆ ಇರುತ್ತಿತ್ತು.

ಅಷ್ಟು ಕಥೆ ಕಲೆಹಾಕಿದವಳಿಗೆ ಒಂದು ಕಥೆ ಕಟ್ಟಲು ಬರುತ್ತಿರಲಿಲ್ಲ. ನನ್ನ ಮಗಳು ಚಿಕ್ಕವಳಿದ್ದಾಗ, ಯಾರೂ ಹೇಳಿರದ ಕಥೆ ಬೇಕು ಎಂದು ಹಟ ಹಿಡಿಯುತ್ತಿದ್ದಳು. "ಒಂದಾನೊಂದು ಕಾಲದಲ್ಲಿ ಚಂದ್ರ ಭೂಮಿಯ ಮೇಲೇ ಇದ್ದ" ಎನ್ನುತ್ತಿದ್ದೆ. ಬಾಯಿಂದ ಹೊರಬಿದ್ದ ಕೂಡಲೇ, ಇದು ಎರಡನೇ ಡಬ್ಬಿಯ ಕಾರ್ಡು, ಇದರ ಇನ್ನೊಂದು ರೂಪ ಇಂಥ ಊರಿನಲ್ಲಿ ಸಿಕ್ಕಿತ್ತು ಎಂದು ಹೊಳೆಯುತ್ತಿತ್ತು. ಮಾತು ಅಲ್ಲೇ ನಿಲ್ಲುತ್ತಿತ್ತು. ಮಗಳು ಕಾಯ್ದು ಕಾಯ್ದು ಅಪ್ಪನ ಹತ್ತಿರ ಹೋಗುತ್ತಿದ್ದಳು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಅವರು ಆನೆಗೆ ರೆಕ್ಕೆ ಹಚ್ಚಿ ಕಾತ್ರಜದ ಘಾಟಿನ ಮೇಲೆ ಹಾರಿಸಿಬಿಡುತ್ತಿದ್ದರು.

ಪ್ರಬಂಧದಲ್ಲಿ ಕಾಕುವಿನ ಕಥೆಗೂ ಜಾಗ ಕೊಟ್ಟೆ. ಗಂಡನ ತಾಪ ತಾಳಲಾರದೆ ಸೂರ್ಯನ ಹೆಂಡತಿ ತನ್ನ ನೆರಳನ್ನೇ ಮನೆಯಲ್ಲಿ ನಿಲ್ಲಿಸಿ ತವರಿಗೆ ಹೋದ ಪುರಾಣದ ಕಥೆ ನಿಮಗೆ ಗೊತ್ತಿದೆ. ದೌಂಡದ ಕಥೆ ಅದರ ಜನಪದ ರೂಪ ಎಂದು ವಾದಿಸಿ ಇಪ್ಪತ್ತೆರಡು ಪುಟ ಬರೆದೆ. ಹೇಳಿದವರು: ಕಾಕು. ಅವರು ಕೇಳಿದ್ದು: ಅಜ್ಜಿಯಿಂದ. ಊಟದ ಮಾತನ್ನು ಮಾತ್ರ ಬಿಟ್ಟೆ. ಅದು ಮಕ್ಕಳಿಗಾಗಿ ಆಮೇಲೆ ಸೇರಿಕೊಂಡ ಭಾಗ, ಮೂಲದ್ದಲ್ಲ ಎಂದು ನನಗೆ ಅನ್ನಿಸಿತ್ತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕನ್ನಡಕ ತೆಗೆದು, "ಇದು ಅಪರೂಪದ್ದು, ಬೇರೆಲ್ಲೂ ನೋಡಿಲ್ಲ," ಎಂದರು. ಆ ಮಾತನ್ನು ನಾನು ಎಷ್ಟು ವರ್ಷ ಕಿವಿಯಲ್ಲಿಟ್ಟುಕೊಂಡು ಮೆರೆದೆ ಎಂದು ಹೇಳಿದರೆ ನಾಚಿಕೆಯಾಗುತ್ತದೆ. ಬೇರೆಲ್ಲೂ ಇಲ್ಲದ್ದು ಯಾಕೆ ಇಲ್ಲ ಎಂದು ಒಮ್ಮೆಯೂ ಯೋಚಿಸಲಿಲ್ಲ.

ಪುಣೆಯ ಕಾಲೇಜೊಂದರಲ್ಲಿ ಪಾಠ ಹೇಳಿ ನಿವೃತ್ತಳಾದೆ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ರೇಣುಕಾ ಎಂಬ ಹುಡುಗಿಯ ಫೋನು ಬಂತು. ಯಾದಗಿರಿ ಕಡೆಯವಳು, ಹುಟ್ಟಿ ಬೆಳೆದದ್ದು ಪುಣೆಯ ಯೆರವಡಾದಲ್ಲಿ. ತಾಯಿ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಹುಡುಗಿ ಜನಪದ ಕಥೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ನನ್ನ ಪ್ರಬಂಧ ಓದಿ, ನೆರಳಿನ ಕಥೆಯ ಮೇಲೇ ಒಂದು ಅಧ್ಯಾಯ ಇಟ್ಟುಕೊಂಡಿದ್ದಳು.

"ಮೇಡಂ, ನಾಕ ತಿಂಗಳಿಂದ ತಿರಗ್ಯಾಡಕತ್ತೀನ್ರಿ," ಎಂದಳು ಮನೆಗೆ ಬಂದ ದಿನ. "ನಮ್ಮ ವಸ್ತಿಯೊಳಗ ಎಲ್ಲಾ ಮುದುಕೇರ್ನ ಕೇಳೀನಿ. ಊರಿಗೆ ಹೋಗಿ ಹತ್ತು ಹಳ್ಳಿ ಕೇಳೀನಿ. ಒಬ್ಬರಿಗೂ ಗೊತ್ತಿಲ್ಲರಿ. ನಮ್ಮ ಸರ್ ಈ ತಿಂಗಳದಾಗ ಅಧ್ಯಾಯ ಕೊಡು ಅಂದಾರ."

ಅವಳ ಚಪ್ಪಲಿಯ ಅಟ್ಟೆ ಸವೆದಿದ್ದನ್ನು ನೋಡಿ ನನ್ನ ಟೇಪ್ ರೆಕಾರ್ಡರಿನ ದಿನಗಳು ನೆನಪಾದವು. "ಅಷ್ಟೇನು ಚಿಂತೆ?" ಎಂದೆ. "ಹೇಳಿದಾಕಿನೇ ಇದ್ದಾಳ. ಯೆರವಡಾದಾಗೇ ಇದ್ದಾಳ."

ಕಾಕುವಿಗೆ ಈಗ ಎಂಬತ್ತಾರು. ಚಿಕ್ಕಪ್ಪ ಹೋದ ಮೇಲೆ ಮಗಳ ಮನೆಯಲ್ಲಿದ್ದಾಳೆ. ನಾವು ಹೋದಾಗ ಕಿಟಕಿಯ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ರೇಣುಕಾ ಕಾಲಿಗೆರಗಿ, ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದ ನನ್ನ ಪ್ರಬಂಧದ ಪುಟವನ್ನು ಗಟ್ಟಿಯಾಗಿ ಓದಿದಳು. ಕಾಕು ತಲೆಯಾಡಿಸುತ್ತ ಕೇಳಿದಳು. ಓದು ಮುಗಿಯಿತು. ಕಾಕು ಇನ್ನೂ ಕಾಯುತ್ತಿದ್ದಳು.

"ಮುಂದ?"

"ಇಷ್ಟೇ ಅದರಿ ಅಜ್ಜಿ."

"ಉಣ್ಣೂದು ಎಲ್ಲಿ ಹೋತು?" ಕಾಕು ನನ್ನ ಕಡೆ ತಿರುಗಿದಳು. "ಅದೊಂದು ಮಾತಿಗೇ ಅಲ್ಲೇನ ನಾ ಕಥಿ ಕಟ್ಟಿದ್ದು? ಅದನ್ನೇ ತಗದೀಯಲ್ಲ!"

ನನಗೆ ಕೇಳಿಸಿದ್ದು ಒಂದೇ ಶಬ್ದ. "ಕಟ್ಟಿದ್ದಾ?" ಎಂದೆ.

"ಮತ್ತ? ನಿನಗ ಗೊತ್ತಿಲ್ಲೇನು?"

"ನಿಮ್ಮಜ್ಜಿ ಹೇಳಿದ್ದು ಅಂದಿದ್ಯಲ್ಲ ಕಾಕು!"

"ಏನ್ ಹೇಳಬೇಕಿತ್ತ? ಈಗಷ್ಟೇ ಅಡಗಿಮನ್ಯಾಗ ನಿಂತು ಕಟ್ಟಿದೆ ಅಂದ್ರ ನೀ ಉಣ್ಣತಿದ್ದೇನು?" ಅವಳು ಅವರೆಕಾಯಿಗೆ ವಾಪಸಾದಳು. "ನಾಕ ಕೆ.ಜಿ. ಇಳದಿದ್ದಿ. ನಿಮ್ಮವ್ವಗ ಏನು ಮಾರಿ ತೋರಸಲಿ ಅಂತ ನನಗ ನಿದ್ದಿ ಬರತಿರಲಿಲ್ಲ."

ಸೂರ್ಯನ ಹೆಂಡತಿಯ ಕಥೆ ಆಗ ಅವಳ ಮನಸ್ಸಿನಲ್ಲಿತ್ತೇ ಎಂದು ಕೊನೆಯ ಆಸೆಯಿಂದ ಕೇಳಿದೆ. ಇತ್ತೋ ಇಲ್ಲವೋ ಅವಳಿಗೇ ಗೊತ್ತಿಲ್ಲವಂತೆ. ಬದನೆಕಾಯಿ ಪಲ್ಯ ತಳ ಹಿಡಿಯುತ್ತಿತ್ತು, ಅದೊಂದು ಮಾತ್ರ ಚೆನ್ನಾಗಿ ನೆನಪಿದೆ ಎಂದಳು.

ಕೆಳಗೆ ರಿಕ್ಷಾಕ್ಕೆ ಕಾಯುತ್ತ ನಿಂತಾಗ ರೇಣುಕಾಳಿಗೆ ತಪ್ಪು ನನ್ನದು ಎಂದೆ.

"ನಿಮಗೇನಾಗತದ್ರಿ ಮೇಡಂ," ಎಂದಳು ಅವಳು. ಮೊದಲ ಬಾರಿಗೆ ದನಿಯಲ್ಲಿ ಮುಳ್ಳಿತ್ತು. "ನಿಮ್ಮ ಪದವಿ ಬಂದಾಗೇತಿ. ನಂದು ನಾಕ ತಿಂಗಳ ಹೋತ್ರಿ."

ಅವಳು ಹೇಳಿದ್ದು ನಿಜವಾಗಿತ್ತು. ಮೂರು ದಿನ ಕೂತು ಎರಡು ಪತ್ರ ಬರೆದೆ. ಒಂದು ರೇಣುಕಾಳ ಮಾರ್ಗದರ್ಶಕರಿಗೆ, ಇನ್ನೊಂದು ನನಗೆ ಪದವಿ ಕೊಟ್ಟ ವಿಭಾಗಕ್ಕೆ. ಇಂಥ ಕಥೆ ಜನಪದದಲ್ಲಿ ಇರಲಿಲ್ಲ, ನನ್ನ ಚಿಕ್ಕಮ್ಮ ಅದನ್ನು ಒಂದು ಮಧ್ಯಾಹ್ನ ನನಗೆ ಊಟ ಮಾಡಿಸಲು ಕಟ್ಟಿದಳು, ಅದರ ಮುಖ್ಯ ಮಾತನ್ನೇ ನಾನು ಕಿತ್ತುಹಾಕಿದೆ, ಇದಕ್ಕೆ ನಾನೇ ಹೊಣೆ. ಇಪ್ಪತ್ತೆರಡು ಪುಟ ಬರೆಯುವಾಗ ಆಗಿರದಷ್ಟು ಕಷ್ಟ ಆ ಅರ್ಧ ಪುಟ ಬರೆಯುವಾಗ ಆಯಿತು. ಪೋಸ್ಟಿಗೆ ಹಾಕಿ ಬಂದ ಮೇಲೆ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ದಿನಾ ಟಪಾಲಿನವನ ದಾರಿ ಕಾಯುವುದಾಯಿತು. ವಿಭಾಗದಿಂದ ಎರಡು ಸಾಲಿನ ಉತ್ತರ ಬಂತು: ನಿಮ್ಮ ಪತ್ರವನ್ನು ಪ್ರಬಂಧದ ಪ್ರತಿಯೊಳಗೆ ಇರಿಸಲಾಗಿದೆ. ಅಷ್ಟೇ. ನಲವತ್ತು ವರ್ಷದ ಹೆಮ್ಮೆ ಎರಡು ಸಾಲಿನಲ್ಲಿ ಮುಗಿದದ್ದು ಒಂದು ರೀತಿಯಲ್ಲಿ ಸಮಾಧಾನವೇ ಆಯಿತು.

ಹದಿನೈದು ದಿನ ಬಿಟ್ಟು ರೇಣುಕಾ ಮತ್ತೆ ಬಂದಳು. ಮುಖ ಬದಲಾಗಿತ್ತು.

"ಸರ್ ನಿಮ್ಮ ಪತ್ರ ಓದಿದ್ರು. ಅಧ್ಯಾಯ ತಗೀಬ್ಯಾಡ ಅಂದಾರ್ರಿ. ಕಥಿ ಎಲ್ಲಿ ಸಿಗ್ತದ ಅಂತ ಹುಡುಕೂದು ಬಿಡು, ಹೆಂಗ ಹುಟ್ಟತದ ಅಂತ ಬರಿ ಅಂದಾರ. ಈಗ ಅದನ್ನ ನಾ ಎಲ್ಲಿ ನೋಡ್ಲಿ?" ಸ್ವಲ್ಪ ತಡೆದು ಹೇಳಿದಳು, "ಅಜ್ಜಿನ ನಮ್ಮ ಓಣಿಗೆ ಒಂದ್ ಸಲ ಕರಕೊಂಡು ಬರ್ತೀರೇನ್ರಿ?"

ಒಂದು ಭಾನುವಾರ ಮಧ್ಯಾಹ್ನ ಕಾಕುವನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋದೆ. ಅವಳು ರೇಷ್ಮೆ ಸೀರೆ ಉಟ್ಟು ತಯಾರಾಗಿದ್ದಳು. ಯೆರವಡಾದ ಆ ಓಣಿ ಕಾಕುವಿನ ಮಗಳ ಮನೆಯಿಂದ ಹತ್ತು ನಿಮಿಷದ ದಾರಿ, ಆದರೂ ಅವಳು ಅತ್ತ ಎಂದೂ ಹೋಗಿರಲಿಲ್ಲ. ತಗಡಿನ ಮನೆಗಳು, ನಡುವೆ ಸ್ವಲ್ಪ ಬಯಲು, ಆಚೆಗೆ ಗಾಜಿನ ದೊಡ್ಡ ದೊಡ್ಡ ಕಟ್ಟಡಗಳು. ಕೆಲಸಕ್ಕೆ ರಜೆಯಿದ್ದ ಹೆಂಗಸರು ಗೋಣಿತಟ್ಟು ಹಾಸಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ರೇಣುಕಾಳ ತಾಯಿ ಭೀಮವ್ವ ಕಾಕುವಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು. ಕಾಕು ಕುರ್ಚಿ ಬೇಡವೆಂದು, ಮಂಡಿ ಹಿಡಿದುಕೊಂಡು ಅವರ ನಡುವೆಯೇ ಕೂತು ಒಂದು ಕಟ್ಟು ಸೊಪ್ಪು ಎಳೆದುಕೊಂಡಳು.

"ಕಥಿ ಹೇಳ್ರಿ ಅಜ್ಜಿ," ಎಂದಳು ಭೀಮವ್ವ. "ನಮ್ಮ ರೇಣಿ ನಿಮ್ಮದ ಜಪಾ ಹಿಡದಾಳ."

ಕಾಕು ಸುತ್ತ ನೋಡಿದಳು. ತಗಡಿನ ಮೇಲೆ ಎರಡು ಪಾರಿವಾಳ ಓಡಾಡುತ್ತಿದ್ದವು.

"ಇವು ಎಲ್ಲಿಂದ ಬಂದ್ವು, ಗೊತ್ತದೇನ?"

"ಎಲ್ಲಿಂದ ಬರ್ತಾವ್ರಿ, ಆ ಬಿಲ್ಡಿಂಗಿಂದ," ಎಂದಳು ಒಬ್ಬಳು. ಎಲ್ಲರೂ ನಕ್ಕರು.

"ಹೌದು, ಅಲ್ಲಿಂದನ. ಯಾಕ ಅಲ್ಲಿ ಇರ್ತಾವ ಕೇಳು. ದೇವರು ಹಕ್ಕಿ ಎಲ್ಲಾ ಮಾಡಿ ಮುಗಿಸಿದ. ಅವಕ್ಕ ಮನಿ ಬೇಕಾತು. ಕಟ್ಟಾವರು ಯಾರು? ಪಾರಿವಾಳನ ಕರದು, ನೀ ಗೌಂಡಿ ಆಗು ಅಂದ."

"ಒಬ್ಬವ ಗೌಂಡಿ ಇದ್ರ ಆಗಾಂಗಿಲ್ರಿ," ಭೀಮವ್ವ ತಲೆಯೆತ್ತದೆ ಹೇಳಿದಳು. "ಕೆಳಗಿಂದ ಕೊಡಾಕ ಇನ್ನೊಬ್ಬರು ಬೇಕು."

"ಬೇಕಲ್ಲ ಮತ್ತ! ಅದಕ್ಕ ಜೋಡಿ ಕಳಿಸಿದ." ಕಾಕು ಆ ಮಾತನ್ನು ತಾನೇ ಹೇಳಬೇಕೆಂದಿದ್ದಂತೆ ತೆಗೆದುಕೊಂಡಳು. "ಗಿಣಿಗೆ ಕಟ್ಟಿದ್ವು, ಕಾಗಿಗೆ ಕಟ್ಟಿದ್ವು, ಗುಬ್ಬಿಗೆ ಕಟ್ಟಿದ್ವು."

"ನವಿಲಿನ ಮನಿಗೆ ಬಣ್ಣ ಹಚ್ಚಿದ್ವು," ಎಂದಳು ಇನ್ನೊಬ್ಬಳು. "ಬಣ್ಣದ ಕೈ ಕುತ್ತಿಗಿಗೆ ಒರಸಕೊಂಡ್ವು. ನೋಡ್ರಿ, ಇನ್ನೂ ಹೋಗಿಲ್ಲ."

ಪಾರಿವಾಳದ ಕುತ್ತಿಗೆ ಬಿಸಿಲಿಗೆ ಹಸಿರು ನೇರಳೆಯಾಗಿ ಮಿನುಗಿತು. ರೇಣುಕಾ ಫೋನು ಮುಂದೆ ಹಿಡಿದು ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ನಾನು, ಎಷ್ಟಾದರೂ ಹಳೆಯ ಚಾಳಿ, ಇದು ಯಾವ ಕಾರ್ಡಿಗೆ ಹತ್ತಿರ ಎಂದು ಮನಸ್ಸಿನಲ್ಲೇ ಡಬ್ಬಿ ತಡಕಾಡುತ್ತಿದ್ದೆ. ಏನೂ ಸಿಗಲಿಲ್ಲ.

"ಎಲ್ಲಾರ ಮನಿ ಆತು," ಕಾಕು ಮುಂದುವರಿಸಿದಳು. "ತಮಗ ಕಟ್ಟಿಕೊಳ್ಳಾಕ ನೋಡ್ತಾವ, ಒಂದ್ ಕಡ್ಡಿ ಉಳದಿಲ್ಲ. ದೇವರ ಹತ್ರ ಹೋದ್ವು. ದೇವರಂದ, ಯಾರೇ ಮನಿ ಕಟ್ಟಲಿ, ಅದರಾಗ ನಿಮಗೊಂದು ಮೂಲಿ. ಯಾರನ್ನೂ ಕೇಳಬ್ಯಾಡ್ರಿ, ಹೋಗಿ ಕೂಡ್ರಿ."

ಅಂಚಿನಲ್ಲಿ ಕೂತಿದ್ದ ಸಣಕಲು ಹೆಂಗಸೊಬ್ಬಳು, ಅಲ್ಲಿಯವರೆಗೆ ಒಂದು ಮಾತೂ ಆಡಿರದವಳು, ಸೊಪ್ಪಿನ ದಂಟು ಮುರಿಯುತ್ತ ಹೇಳಿದಳು: "ನಮಗ ಯಾರು ಹಂಗ ಅಂದಾರ್ರಿ?"

ಯಾರೂ ನಗಲಿಲ್ಲ. ಆಚೆಯ ಗಾಜಿನ ಕಟ್ಟಡದ ಕಡೆ ಒಂದಿಬ್ಬರು ನೋಡಿದರು. ಅದನ್ನು ಕಟ್ಟಿದ ಕೈಗಳು ಅಲ್ಲೇ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದವು ಎಂದು ನನಗೆ ಆಮೇಲೆ ರೇಣುಕಾ ಹೇಳಿದಳು. ಕಾಕು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು. ಅವಳು ಹೀಗೆ ತಡವರಿಸಿದ್ದನ್ನು ನಾನು ನೋಡಿರಲಿಲ್ಲ. ರೇಷ್ಮೆ ಸೀರೆಯ ಸೆರಗನ್ನು ಸುಮ್ಮನೆ ಬೆರಳಿಗೆ ಸುತ್ತಿಕೊಂಡಳು.

ತಗಡಿನ ಮೇಲೆ ಪಾರಿವಾಳ ಹೆಜ್ಜೆಗೊಮ್ಮೆ ತಲೆ ಆಡಿಸುತ್ತ ನಡೆಯುತ್ತಿತ್ತು. ಮುಂದೆ, ಹಿಂದೆ. ಮುಂದೆ, ಹಿಂದೆ.

"ಅದಕ್ಕೇ ಅದು ಹಂಗ ತಲಿ ಆಡಸೂದು," ಎಂದಿತು ಒಂದು ದನಿ. ನನ್ನದೇ ದನಿ. "ಗ್ವಾಡಿ ನೆಟ್ಟಗದನೋ ಇಲ್ಲೋ ಅಂತ ನೋಡತದ."

ನಾನು ಹೇಳಿದ್ದಕ್ಕೆ ನಾನೇ ಬೆಚ್ಚಿದೆ. ಭೀಮವ್ವ ನನ್ನನ್ನೊಮ್ಮೆ, ಪಾರಿವಾಳವನ್ನೊಮ್ಮೆ ನೋಡಿ ಗಟ್ಟಿಯಾಗಿ ನಕ್ಕಳು. "ಹೌದ್ರಿ! ನಮ್ಮ ಗೌಂಡಿ ಒಂದು ಕಣ್ಣ ಮುಚ್ಚಿ ಥೇಟ್ ಹಿಂಗೇ ನೋಡತಾನ!" ಯಾರೋ ಒಬ್ಬಳು ಎದ್ದು ಆ ಗೌಂಡಿಯ ಹಾಗೆ ಕುತ್ತಿಗೆ ಚಾಚಿ ತೋರಿಸಿದಳು. ನಗು ಓಣಿಯ ಆ ತುದಿಯವರೆಗೂ ಹೋಯಿತು.

ಸಣಕಲು ಹೆಂಗಸು ನಗಲಿಲ್ಲ. ಪಾರಿವಾಳವನ್ನೇ ದಿಟ್ಟಿಸುತ್ತಿದ್ದಳು.

"ಅಂದ್ರ ದಿನಾ ಬಂದು ನಾವು ಕಟ್ಟಿದ್ದು ನೋಡಿ ಹೋಗ್ತಾವ," ಎಂದಳು ನಿಧಾನವಾಗಿ. "ಮಂದಿ ನೋಡಲಿಲ್ಲಂದ್ರೂ ಅವು ನೋಡ್ತಾವ."

"ನೋಡ್ತಾವ," ಎಂದಳು ಕಾಕು.

ಆ ಹೆಂಗಸು ಹೌದೆನ್ನುವಂತೆ ತಲೆಯಾಡಿಸಿ, ಇನ್ನೊಂದು ಕಟ್ಟು ಸೊಪ್ಪು ತನ್ನ ಕಡೆ ಎಳೆದುಕೊಂಡು, ಅರ್ಧ ನನ್ನ ಮುಂದೆ ಹಾಕಿದಳು. ನಾನೂ ಬಿಡಿಸಲು ಕೂತೆ. ಆಮೇಲೆ ಕಾಕು ಮೊಣಕೈಯಿಂದ ನನ್ನನ್ನು ತಿವಿದಳು.

"ನೆಟ್ಟಗ ಇರದಿದ್ರ ಏನ್ ಮಾಡತಾವ? ಹೇಳು."

ಏನು ಮಾಡುತ್ತವೆಂದು ನನಗೆ ಗೊತ್ತಿರಲಿಲ್ಲ. ಏಳೆಂಟು ಮುಖಗಳು ನನ್ನ ಕಡೆ ತಿರುಗಿದ್ದವು. ನಾನು ಹೇಳಲು ಶುರು ಮಾಡಿದೆ.